ಈ ಬೇಗೆಗೆ ಕರ್ತೃ ಯಾರು?

ಮಡಕೆಯನ್ನು ಕೈಜಾರಿಸಿದ ಹುಡುಗ ತಾಯಿಯ ಎದುರಿಗೆ ಬಂದು ನಿಂತು, “ಅಮ್ಮಾ, ಮಡಕೆ ಒಡೆಯಿತು” ಎನ್ನುತ್ತಾನೆಯೇ ಹೊರತು “ಮಡಕೆಯನ್ನು ಒಡೆದೆ” ಎನ್ನುವುದಿಲ್ಲ. ನಮ್ಮ ಭಾಷೆ ಅವನಿಗೆ ಆ ಅನುಕೂಲವನ್ನು ಒದಗಿಸಿಕೊಟ್ಟಿದೆ. ಅಕರ್ಮಕ ಕ್ರಿಯಾಪದದ ಮರೆಯಲ್ಲಿ ನಿಂತವನನ್ನು ಹಿಡಿಯುವುದು ಕಷ್ಟ. ಕೆರೆ ಬತ್ತುತ್ತದೆ, ಕಾಡು ಕರಗುತ್ತದೆ, ಹೊಳೆ ಕೆಡುತ್ತದೆ. ಎಲ್ಲವೂ ತಮ್ಮಷ್ಟಕ್ಕೆ ತಾವೇ ಆಗುತ್ತಿರುವಂತೆ ಕೇಳಿಸುತ್ತದೆ. ಬತ್ತಿಸಿದವರು, ಕರಗಿಸಿದವರು, ಕೆಡಿಸಿದವರು ವಾಕ್ಯದ ಹೊರಗೆ ನಿರಾಳವಾಗಿ ನಿಂತಿರುತ್ತಾರೆ.

ಈ ಬಗೆಯ ವಾಕ್ಯಗಳಲ್ಲಿ ಇಂದು ಹೆಚ್ಚು ಬಳಕೆಯಲ್ಲಿರುವುದು “ಭೂಮಿ ಬಿಸಿಯಾಗುತ್ತಿದೆ” ಎಂಬುದು. ಪತ್ರಿಕೆಗಳಲ್ಲಿ, ಪಠ್ಯಪುಸ್ತಕಗಳಲ್ಲಿ, ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ಇದು ನಿತ್ಯವೂ ಕಣ್ಣಿಗೆ ಬೀಳುತ್ತದೆ. ಇದನ್ನೇ ಗಂಭೀರವಾಗಿ ಹೇಳಬೇಕಾದಾಗ “ಜಾಗತಿಕ ತಾಪಮಾನ ಏರಿಕೆ” ಎನ್ನುತ್ತೇವೆ. ಅಲ್ಲಿಯಂತೂ ಕ್ರಿಯಾಪದವೇ ಇಲ್ಲ. ಬರಿಯ ನಾಮಪದಗಳ ಸಾಲು. ವ್ಯಾಕರಣವನ್ನು ಪಾಠ ಹೇಳುವವನಿಗೆ ಇಲ್ಲಿ ಮೂರು ಪ್ರಶ್ನೆಗಳು ಏಳುವುದು ಸಹಜ. ಈ ಕ್ರಿಯೆ ನಿಜವಾಗಿ ನಡೆಯುತ್ತಿದೆಯೆ? ನಡೆಯುತ್ತಿದ್ದರೆ ಅದಕ್ಕೆ ಕರ್ತೃ ಯಾರು? ಆ ಕರ್ತೃಪದ ಏಕವಚನವೋ ಬಹುವಚನವೋ?

ಮೊದಲನೆಯ ಪ್ರಶ್ನೆಗೆ ಉತ್ತರ ಸುಲಭವೆಂದು ದಾವಣಗೆರೆಯವರಿಗೆ ತೋರಬಹುದು. ನಾನಿರುವ ಕೆ.ಬಿ. ಬಡಾವಣೆಯಲ್ಲಿ ಯುಗಾದಿ ಕಳೆದ ಮೇಲಿನ ಯಾವ ರಾತ್ರಿಯಾದರೂ ಮಾಳಿಗೆಯ ಮೇಲೆ ನಿಂತು ನೋಡಿ. ಹನ್ನೊಂದು ಗಂಟೆಯಾದರೂ ಗೋಡೆ ಮುಟ್ಟಿದರೆ ಕೈಗೆ ಬಿಸಿ ಹತ್ತುತ್ತದೆ. ಆದರೆ ಇದನ್ನೇ ಜಗತ್ತಿನ ಬೇಗೆಗೆ ಸಾಕ್ಷಿಯೆಂದು ಮುಂದಿಡುವುದು ಸರಿಯಲ್ಲ. ಮಣ್ಣಿನ ಮಾಳಿಗೆ ಹೋಗಿ ಕಾಂಕ್ರೀಟು ಬಂದಿದೆ, ಬೇವಿನ ಮರ ಹೋಗಿ ಮಳಿಗೆ ಬಂದಿದೆ, ಮಣ್ಣಿನ ರಸ್ತೆಯ ಮೇಲೆ ಸಿಮೆಂಟಿನ ಹೊದಿಕೆ ಬಿದ್ದಿದೆ. ಹಗಲು ಹೀರಿದ ಬಿಸಿಲನ್ನು ಇವು ರಾತ್ರಿ ಕಾರುತ್ತವೆ. ಇದು ಊರಿನ ಸೆಕೆ. ಊರಾಚೆ ನಾಲ್ಕು ಮೈಲಿ ಹೋಗಿ ಗದ್ದೆಯ ಬದುವಿನ ಮೇಲೆ ನಿಂತರೆ ಇಳಿಯುತ್ತದೆ. ಜಗತ್ತಿನ ಬೇಗೆ ಹಾಗೆ ಇಳಿಯುವುದಲ್ಲ. ಅದನ್ನು ಮೈಚರ್ಮದಿಂದ ಅಳೆಯಲಾಗದು; ಸಾವಿರಾರು ಕಡೆಗಳಲ್ಲಿ, ನೆಲದ ಮೇಲೂ ಕಡಲಿನ ಮೇಲೂ, ಹತ್ತಾರು ವರ್ಷಗಳ ಕಾಲ ಉಷ್ಣಮಾಪಕವಿಟ್ಟು ಸರಾಸರಿ ತೆಗೆದೇ ತಿಳಿಯಬೇಕು.

ಹಾಗೆ ತಿಳಿದದ್ದು ಇಷ್ಟು: 1850ರಿಂದ 1900ರವರೆಗಿನ ಅರ್ಧ ಶತಮಾನದ ಸರಾಸರಿಗೆ ಹೋಲಿಸಿದರೆ 2024ನೆಯ ಇಸವಿಯಲ್ಲಿ ಭೂಮಿಯ ಮೇಲ್ಮೈ ಸುಮಾರು 1.55 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಬೆಚ್ಚಗಿತ್ತು. ಇದು ಜಾಗತಿಕ ಹವಾಮಾನ ಸಂಸ್ಥೆ ಕೊಟ್ಟ ಲೆಕ್ಕ. ಅಳತೆಯ ದಾಖಲೆ ಇರುವ ಕಾಲದಲ್ಲೆಲ್ಲ ಅಷ್ಟು ಬಿಸಿಯಾದ ವರ್ಷ ಅದಕ್ಕೆ ಮುಂಚೆ ಬಂದಿರಲಿಲ್ಲ. ಭಾರತದ ಮಟ್ಟಿಗೆ 1901ರಿಂದ 2018ರೊಳಗೆ ಏರಿದ್ದು ಸುಮಾರು 0.7 ಡಿಗ್ರಿ. “ಒಂದೂವರೆ ಡಿಗ್ರಿಗೆ ಇಷ್ಟು ಗದ್ದಲವೆ? ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಹತ್ತು ಡಿಗ್ರಿ ವ್ಯತ್ಯಾಸವಿರುವುದಿಲ್ಲವೆ?” ಎಂದು ಕೇಳುವವರುಂಟು. ಮನುಷ್ಯನ ಮೈಯ ಉಷ್ಣತೆಯೂ ಒಂದೂವರೆ ಡಿಗ್ರಿ ಏರಿದರೆ ನಾವು ಅದನ್ನು ಹವೆಯ ವ್ಯತ್ಯಾಸವೆನ್ನುವುದಿಲ್ಲ, ಜ್ವರವೆನ್ನುತ್ತೇವೆ. ಸರಾಸರಿ ಎಂಬುದು ಹೊರಗಿನ ಹವೆಗಿಂತ ಮೈಯ ಉಷ್ಣತೆಗೆ ಹತ್ತಿರವಾದ ಮಾತು.

ಇನ್ನು ಕರ್ತೃವಿನ ವಿಚಾರ. ಇಲ್ಲಿ ವಿಜ್ಞಾನಿಗಳು ನಡೆಸಿದ ಶೋಧ ಒಂದು ಒಳ್ಳೆಯ ಪತ್ತೇದಾರಿ ಕಥೆಗಿಂತ ಕಡಮೆಯಾದುದಲ್ಲ. ಮತ್ತು ಅದು ನಿನ್ನೆ ಮೊನ್ನೆಯ ಕಥೆಯೂ ಅಲ್ಲ. 1824ರಲ್ಲಿ ಫ್ರಾನ್ಸಿನ ಗಣಿತಜ್ಞ ಫೂರಿಯೆ, ಭೂಮಿಗೆ ಅದರ ವಾಯುಮಂಡಲವೇ ಒಂದು ಹೊದಿಕೆಯಂತಿರಬೇಕೆಂದು ಊಹಿಸಿದ. 1856ರಲ್ಲಿ ಅಮೆರಿಕದ ಯೂನಿಸ್ ಫೂಟ್ ಎಂಬಾಕೆ ಗಾಜಿನ ಕೊಳವೆಗಳಲ್ಲಿ ಬೇರೆ ಬೇರೆ ಅನಿಲಗಳನ್ನು ತುಂಬಿ ಬಿಸಿಲಿಗಿಟ್ಟು, ಇಂಗಾಲಾಮ್ಲ ವಾಯು ತುಂಬಿದ ಕೊಳವೆಯೇ ಹೆಚ್ಚು ಕಾದದ್ದನ್ನು ಕಂಡಳು. ಇಂದಿನ ಪಠ್ಯಪುಸ್ತಕಗಳು ಇಂಗಾಲದ ಡೈಆಕ್ಸೈಡ್ ಎನ್ನುವುದು ಇದನ್ನೇ. 1859ರಲ್ಲಿ ಜಾನ್ ಟಿಂಡಾಲ್ ಅದರ ಗುಟ್ಟನ್ನು ಬಿಡಿಸಿದ: ಈ ಅನಿಲ ಸೂರ್ಯನ ಬೆಳಕನ್ನು ಒಳಗೆ ಬಿಡುತ್ತದೆ, ಆದರೆ ಕಾದ ನೆಲ ಹೊರಗೆ ಸೂಸುವ ಕಾಣದ ಶಾಖವನ್ನು ತಡೆದು ಹಿಡಿಯುತ್ತದೆ. 1896ರಲ್ಲಿ ಸ್ವೀಡನ್ನಿನ ಅರ್ಹೇನಿಯಸ್, ಈ ವಾಯುವಿನ ಪ್ರಮಾಣ ಇಮ್ಮಡಿಯಾದರೆ ಭೂಮಿ ಎಷ್ಟು ಡಿಗ್ರಿ ಕಾದೀತೆಂದು ಕೈಲೆಕ್ಕದಲ್ಲೇ ಗುಣಿಸಿ ನೋಡಿದ.

ಈ ಹೊದಿಕೆ ಕೆಟ್ಟದ್ದಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕು. ಅದು ಇಲ್ಲದಿದ್ದರೆ ಭೂಮಿಯ ಸರಾಸರಿ ಉಷ್ಣತೆ ಶೂನ್ಯಕ್ಕಿಂತ 18 ಡಿಗ್ರಿ ಕೆಳಗಿರುತ್ತಿತ್ತು. ಅದು ಇರುವುದರಿಂದ ಶೂನ್ಯದ ಮೇಲೆ ಸುಮಾರು 15 ಡಿಗ್ರಿ ಇದೆ. ಆ 33 ಡಿಗ್ರಿಗಳ ವ್ಯತ್ಯಾಸದಲ್ಲಿಯೇ ಹೊಳೆ, ಹಸುರು, ಹಸು, ಕವಿ ಎಲ್ಲವೂ ಬದುಕಿರುವುದು. ಕೇಡು ಇರುವುದು ಕಂಬಳಿಯಲ್ಲಲ್ಲ. ಕಂಬಳಿಯ ಮೇಲೆ ಕಂಬಳಿ ಹೊದಿಸುತ್ತ ಹೋಗುವುದರಲ್ಲಿ.

ಎಷ್ಟು ಹೊದಿಸಿದ್ದೇವೆ? ನಮ್ಮ ಹರಿಹರದ ಹರಿಹರೇಶ್ವರ ದೇವಾಲಯವನ್ನೇ ಅಳತೆಗೋಲಾಗಿ ಇಟ್ಟುಕೊಳ್ಳೋಣ. ಹೊಯ್ಸಳ ಎರಡನೆಯ ನರಸಿಂಹನ ಕಾಲದಲ್ಲಿ ದಂಡನಾಯಕ ಪೋಲಾಳ್ವ ಆ ಗುಡಿಯನ್ನು ಕಟ್ಟಿಸಿದ್ದು 1224ರ ಸುಮಾರಿಗೆ. ಆಗ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಇಂಗಾಲಾಮ್ಲ ಇದ್ದದ್ದು ಹೆಚ್ಚುಕಡಿಮೆ 280 ಪಾಲು. ಹೊಯ್ಸಳರು ಹೋದರು, ವಿಜಯನಗರ ಬಂದು ಹೋಯಿತು, ಹೈದರ್ ಟಿಪ್ಪು ಬಂದು ಹೋದರು. 1800ರ ಹೊತ್ತಿಗೂ ಅದು 280ರ ಆಸುಪಾಸಿನಲ್ಲಿಯೇ ಇತ್ತು. ಸುಮಾರು ಆರು ಶತಮಾನ ಕದಲದೆ ನಿಂತ ಸಂಖ್ಯೆ ಅದು. 1958ರಲ್ಲಿ ಚಾರ್ಲ್ಸ್ ಕೀಲಿಂಗ್ ಎಂಬ ವಿಜ್ಞಾನಿ ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ ಅಳೆಯತೊಡಗಿದಾಗ ಅದು 315ಕ್ಕೆ ಮುಟ್ಟಿತ್ತು. 2024ರಲ್ಲಿ 420ನ್ನು ದಾಟಿದೆ. ಧ್ರುವ ಪ್ರದೇಶದ ಹಿಮದ ಆಳದಲ್ಲಿ ಸಿಕ್ಕಿಬಿದ್ದ ಹಳೆಯ ಗಾಳಿಯ ಗುಳ್ಳೆಗಳನ್ನು ಪರೀಕ್ಷಿಸಿದವರು ಹೇಳುವಂತೆ, ಕಳೆದ ಎಂಟು ಲಕ್ಷ ವರ್ಷಗಳಲ್ಲಿ ಇಷ್ಟು ಎತ್ತರವನ್ನು ಅದು ಎಂದೂ ಕಂಡಿರಲಿಲ್ಲ.

ಆದರೂ ಒಬ್ಬ ಒಳ್ಳೆಯ ವಕೀಲ ಇಲ್ಲಿ ಎದ್ದುನಿಂತು ಆಕ್ಷೇಪಿಸಬಹುದು: ವಾಯು ಹೆಚ್ಚಿದ್ದು ನಿಜವಾದರೂ ಅದು ಮನುಷ್ಯನದೆಂದು ಹೇಗೆ ಹೇಳುತ್ತೀರಿ? ಜ್ವಾಲಾಮುಖಿಗಳದ್ದಾಗಿರಬಾರದೇಕೆ? ಬಿಸಿ ಸೂರ್ಯನದಾಗಿರಬಾರದೇಕೆ? ಪ್ರಶ್ನೆ ನ್ಯಾಯವಾದದ್ದೇ. ಉತ್ತರವೂ ಇದೆ. ಬದುಕಿರುವ ಮರದ ಇಂಗಾಲದಲ್ಲಿ ವಿಕಿರಣಶೀಲವಾದ ಒಂದು ಬಗೆ ಅತ್ಯಲ್ಪವಾಗಿ ಬೆರೆತಿರುತ್ತದೆ. ಅದು 5,730 ವರ್ಷಗಳಿಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಕಲ್ಲಿದ್ದಲು, ಪೆಟ್ರೋಲಿಯಂಗಳು ಕೋಟಿಗಟ್ಟಲೆ ವರ್ಷ ನೆಲದಡಿಯಲ್ಲಿದ್ದವು. ಅವುಗಳಲ್ಲಿ ಅದರ ಸುಳಿವೇ ಉಳಿದಿಲ್ಲ. ಗಾಳಿಗೆ ಹಳೆಯ ಇಂಗಾಲ ಬೆರೆಯುತ್ತಿದ್ದರೆ ಗಾಳಿಯಲ್ಲಿ ಆ ಬಗೆಯ ಪಾಲು ತೆಳುವಾಗಬೇಕು. 1955ರಲ್ಲಿ ಹಾನ್ಸ್ ಸ್ಯೂಸ್ ಎಂಬಾತ ಮರದ ಉಂಗುರಗಳನ್ನು ಪರೀಕ್ಷಿಸಿ ಹಾಗೆ ತೆಳುವಾಗಿದೆಯೆಂದು ತೋರಿಸಿದ. ಕಳ್ಳನ ಬೆರಳಚ್ಚು ಸಿಕ್ಕಿತು. ಜ್ವಾಲಾಮುಖಿಗಳು ವರ್ಷಕ್ಕೆ ಉಗುಳುವ ಇಂಗಾಲಾಮ್ಲ ಮನುಷ್ಯ ಉಗುಳುವುದರಲ್ಲಿ ನೂರಕ್ಕೆ ಒಂದು ಪಾಲೂ ಇಲ್ಲ. ಇನ್ನು ಸೂರ್ಯನ ಮಾತು. ಸೂರ್ಯನೇ ಹೆಚ್ಚು ಉರಿಯುತ್ತಿದ್ದರೆ ವಾಯುಮಂಡಲ ಮೇಲಿನಿಂದ ಕೆಳಗಿನವರೆಗೂ ಕಾಯಬೇಕಾಗಿತ್ತು. ಆದರೆ ಕೆಳಗಿನ ಪದರ ಕಾಯುತ್ತಿದೆ, ಅದರ ಮೇಲಿನ ಪದರ ತಣ್ಣಗಾಗುತ್ತಿದೆ. ಕಂಬಳಿ ದಪ್ಪವಾದರೆ ಒಳಗೆ ಬೆಚ್ಚಗೆ, ಹೊರಗೆ ತಣ್ಣಗೆ. ಇದು ಅದೇ ಲಕ್ಷಣ.

ಹೀಗೆ ಒಂದೊಂದೇ ಅನುಮಾನವನ್ನು ಕಳೆಯುತ್ತ ಬಂದ ಮೇಲೆ, ಲೋಕದ ವಿಜ್ಞಾನಿಗಳ ಅಂತರ್‌ಸರ್ಕಾರಿ ಸಮಿತಿ 2021ರ ವರದಿಯಲ್ಲಿ, ವಾಯುಮಂಡಲ, ಕಡಲು, ನೆಲಗಳನ್ನು ಬಿಸಿ ಮಾಡಿದ್ದು ಮನುಷ್ಯನೆಂಬುದರಲ್ಲಿ ಸಂದೇಹಕ್ಕೆ ಎಡೆಯಿಲ್ಲವೆಂದು ಹೇಳಿತು. ವಾಕ್ಯಕ್ಕೆ ಕರ್ತೃ ದೊರಕಿದ. ಅಕರ್ಮಕ ಸಕರ್ಮಕವಾಯಿತು: ಭೂಮಿ ಬಿಸಿಯಾಗುತ್ತಿದೆ ಎಂಬುದನ್ನು ಇನ್ನು ಮೇಲೆ “ಭೂಮಿಯನ್ನು ನಾವು ಬಿಸಿ ಮಾಡುತ್ತಿದ್ದೇವೆ” ಎಂದು ತಿದ್ದಿ ಬರೆಯಬೇಕು.

ಬಿಸಿ ಮಾಡಿದರೆ ಆಗುವುದೇನು? ಕನ್ನಡ ನಾಡಿನಲ್ಲಿ ಈ ಪ್ರಶ್ನೆಗೆ ಉತ್ತರ ಬಿಸಿಲಿನಲ್ಲಿ ಸಿಗುವುದಕ್ಕಿಂತ ಮಳೆಯಲ್ಲಿ ಹೆಚ್ಚಾಗಿ ಸಿಗುತ್ತದೆ. ನಮ್ಮ ರೈತರು ಮಳೆಯನ್ನು ಹೆಸರು ಹಿಡಿದು ಕರೆದವರು. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಕಳೆಯುವ ಹದಿಮೂರು ಹದಿನಾಲ್ಕು ದಿನಗಳಿಗೆ ಒಂದೊಂದು ಮಳೆ. ಭರಣಿಯಿಂದ ಸ್ವಾತಿಯವರೆಗೆ ಒಂದೊಂದಕ್ಕೂ ಒಂದು ಸ್ವಭಾವ, ಒಂದು ಗಾದೆ. ಭರಣಿ ಸುರಿದರೆ ಧರಣಿ ಬದುಕೀತು. ರೋಹಿಣಿ ಮಳೆಗೆ ಓಣಿಯೆಲ್ಲ ಜೋಳ. ಇವು ಬರಿಯ ಪ್ರಾಸಗಳಲ್ಲ, ತಲೆಮಾರುಗಳ ಅನುಭವದ ಸಾರ; ಅಕ್ಷರ ಬಾರದವರು ಬಾಯಲ್ಲಿ ಕಾಪಾಡಿಕೊಂಡು ಬಂದ ಕೃಷಿಶಾಸ್ತ್ರ. ತರಗತಿಯಲ್ಲಿ ಈ ಗಾದೆಗಳನ್ನು ವಿವರಿಸುತ್ತಿದ್ದಾಗ ಹರಿಹರದ ಕಡೆಯ ಒಬ್ಬ ವಿದ್ಯಾರ್ಥಿ ಎದ್ದುನಿಂತು, “ಸಾರ್, ನಮ್ಮಪ್ಪ ಈಗ ಮಳೆ ಹೆಸರು ನೋಡಿ ಬಿತ್ತಂಗಿಲ್ಲ. ಮೋಡ ನೋಡಿ ಬಿತ್ತಾನೆ. ಅದೂ ಎರಡೆರಡು ಸಲ” ಎಂದ. ತರಗತಿ ನಕ್ಕಿತು, ಅವನು ನಗಲಿಲ್ಲ. ಮೊದಲ ಮಳೆಗೆ ಬಿತ್ತಿದ ಮೆಕ್ಕೆಜೋಳ ಮೊಳೆತು, ಅನಂತರ ಮೂರು ವಾರ ಹನಿಯಿಲ್ಲದೆ ಒಣಗಿ, ಮತ್ತೆ ಸಾಲ ಮಾಡಿ ಬೀಜ ಗೊಬ್ಬರ ತರುವ ಮನೆಯವನು ಅವನು.

ಇದರ ಹಿಂದಿನ ಕಾರಣ ಸರಳ. ಗಾಳಿ ಒಂದು ಡಿಗ್ರಿ ಬೆಚ್ಚಗಾದರೆ ಅದು ಹಿಡಿದಿಡಬಲ್ಲ ನೀರಾವಿ ನೂರಕ್ಕೆ ಏಳರಷ್ಟು ಹೆಚ್ಚುತ್ತದೆ. ದೊಡ್ಡ ಕೊಡ ತುಂಬುವುದಕ್ಕೆ ಹೆಚ್ಚು ಹೊತ್ತು ಬೇಕು. ಮಗುಚಿದಾಗ ಸುರಿಯುವುದೂ ಹೆಚ್ಚು. ಆದ್ದರಿಂದ ಮಳೆಯಿಲ್ಲದ ದಿನಗಳೂ ನೀಳವಾಗುತ್ತವೆ, ಸುರಿದ ದಿನ ಹೊಳೆ ದಡ ಮೀರುತ್ತದೆ. ಮಧ್ಯ ಭಾರತದಲ್ಲಿ ವ್ಯಾಪಕವಾಗಿ ಸುರಿಯುವ ಅತಿವೃಷ್ಟಿಯ ಪ್ರಸಂಗಗಳು 1950ರಿಂದ 2015ರ ನಡುವೆ ಮೂರು ಪಟ್ಟಾಗಿವೆಯೆಂದು ಪುಣೆಯ ಹವಾಮಾನ ಸಂಶೋಧಕ ರಾಕ್ಸಿ ಮ್ಯಾಥ್ಯೂ ಕಾಲ್ ಮತ್ತು ಸಂಗಡಿಗರು 2017ರಲ್ಲಿ ತೋರಿಸಿದರು. ಅದಕ್ಕೆ ಅರಬ್ಬೀ ಸಮುದ್ರದ ಬಿಸಿಯೇ ತೇವವನ್ನು ಒದಗಿಸುತ್ತಿದೆಯೆಂದರು. 2019ರ ಆಗಸ್ಟಿನಲ್ಲಿ ರಾಜ್ಯದ ಬಹುಭಾಗ ನೆರೆಯಲ್ಲಿ ಮುಳುಗಿತು. ತುಂಗಭದ್ರೆ ಹರಿಹರದ ತಗ್ಗಿನ ಮನೆಗಳನ್ನು ಹೊಕ್ಕಳು. ನಾಲ್ಕೇ ವರ್ಷಗಳ ಮೇಲೆ, 2023ರಲ್ಲಿ, ಅದೇ ಆಗಸ್ಟ್ ತಿಂಗಳು 1901ರಿಂದೀಚೆಗೆ ದೇಶ ಕಂಡ ಅತ್ಯಂತ ಒಣ ಆಗಸ್ಟ್ ಆಯಿತು. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದುವು. ಭದ್ರಾ ನಾಲೆಯ ನೀರಿಗಾಗಿ ದಾವಣಗೆರೆಯ ರೈತರು ಬೀದಿಗಿಳಿದರು. ಇವುಗಳಲ್ಲಿ ಯಾವುದೇ ಒಂದು ನೆರೆಯನ್ನೋ ಬರವನ್ನೋ ತೋರಿಸಿ, ಇದು ಪೂರ್ತಿಯಾಗಿ ಮನುಷ್ಯ ಮಾಡಿದ್ದು ಎಂದು ಹೇಳಲಾಗದು. ಬರವೂ ನೆರೆಯೂ ನಮ್ಮ ಅಜ್ಜಂದಿರಿಗೂ ಗೊತ್ತಿದ್ದವು. ಪಗಡೆಯ ದಾಳ ಅಂದೂ ಬೀಳುತ್ತಿತ್ತು, ಇಂದೂ ಬೀಳುತ್ತಿದೆ. ಇಂದು ಅದರ ಒಂದು ಮಗ್ಗುಲಿಗೆ ನಾವು ಸೀಸ ತುಂಬಿದ್ದೇವೆ, ಅಷ್ಟೆ.

“ನಾವು” ಎಂದೆ. ಮೂರನೆಯ ಪ್ರಶ್ನೆ ಇಲ್ಲಿಯೇ ಇದೆ. ತೆಲುಗಿನಲ್ಲಿ ಕೇಳುವವನನ್ನು ಬಿಟ್ಟು ಹೇಳುವ “ಮೇಮು” ಬೇರೆ, ಅವನನ್ನೂ ಸೇರಿಸಿ ಹೇಳುವ “ಮನಮು” ಬೇರೆ. ತಮಿಳಿನಲ್ಲಿಯೂ ಈ ಭೇದವುಂಟು. ಇಂದಿನ ಕನ್ನಡದ “ನಾವು” ಎರಡನ್ನೂ ನುಂಗಿಕೊಂಡಿದೆ. ಹೀಗಾಗಿ “ನಾವು ಭೂಮಿಯನ್ನು ಬಿಸಿ ಮಾಡುತ್ತಿದ್ದೇವೆ” ಎಂದಾಗ ಯಾರು ಯಾರನ್ನು ಸೇರಿಸಿಕೊಂಡರು, ಯಾರನ್ನು ಬಿಟ್ಟರು ಎಂಬುದು ತಿಳಿಯದೆ ಹೋಗುತ್ತದೆ.

ದಾವಣಗೆರೆಗೆ “ಕರ್ನಾಟಕದ ಮ್ಯಾಂಚೆಸ್ಟರ್” ಎಂಬ ಬಿರುದಿತ್ತು. ಹತ್ತಿಯ ಗಿರಣಿಗಳ ಕಾಲದ ಹೆಮ್ಮೆ ಅದು. ಗಿರಣಿಗಳ ಸದ್ದು ಬಹುಮಟ್ಟಿಗೆ ಅಡಗಿದೆ, ಬಿರುದು ಮಾತ್ರ ಉಳಿದಿದೆ. ಮೂಲದ ಮ್ಯಾಂಚೆಸ್ಟರ್ ಇರುವುದು ಇಂಗ್ಲೆಂಡಿನಲ್ಲಿ. ಕಲ್ಲಿದ್ದಲನ್ನು ಉರಿಸಿ ಬಟ್ಟೆ ನೇಯುವುದನ್ನು ಲೋಕಕ್ಕೆ ಕಲಿಸಿದ ಊರುಗಳಲ್ಲಿ ಅದು ಮೊದಲನೆಯ ಸಾಲಿನದು. ಆ ಹೊಗೆಯ ಒಂದು ದೊಡ್ಡ ಪಾಲು ಇನ್ನೂ ಕರಗಿಹೋಗಿಲ್ಲ. ಉರಿಸಿದ ಇಂಗಾಲದ ಅರ್ಧದಷ್ಟನ್ನು ಕಡಲೂ ಕಾಡೂ ಹೀರಿಕೊಳ್ಳುತ್ತವೆ. ಉಳಿದದ್ದು ಶತಮಾನಗಳ ಕಾಲ ಗಾಳಿಯಲ್ಲಿಯೇ ನಿಲ್ಲುತ್ತದೆ. ಆದ್ದರಿಂದ ಹಳೆಯ ಲೆಕ್ಕವನ್ನು ಕೇಳುವುದು ಹಟವಲ್ಲ, ನ್ಯಾಯ. ಇದುವರೆಗೆ ಲೋಕ ಉರಿಸಿದ ಇಂಧನದ ಇಂಗಾಲದಲ್ಲಿ ಸುಮಾರು ನಾಲ್ಕನೆಯ ಒಂದು ಭಾಗ ಅಮೆರಿಕ ಒಂದರದೇ. ನೂರಕ್ಕೆ ಹದಿನೇಳು ಹದಿನೆಂಟು ಜನರಿರುವ ಭಾರತದ ಪಾಲು ನೂರಕ್ಕೆ ನಾಲ್ಕಕ್ಕಿಂತ ಹೆಚ್ಚಿಲ್ಲ. ಇಂದಿಗೂ ತಲಾ ಲೆಕ್ಕದಲ್ಲಿ ಅಮೆರಿಕದವನದು ವರ್ಷಕ್ಕೆ ಸುಮಾರು 14 ಟನ್, ನಮ್ಮದು ಸುಮಾರು 2 ಟನ್. ಆ ದೇಶಗಳವರು “ನಾವೆಲ್ಲರೂ” ಎಂದಾಗ ನಾವು “ಮೇಮು ಬೇರೆ” ಎನ್ನುವುದರಲ್ಲಿ ಹುರುಳಿದೆ.

ಆದರೆ ಈ ನ್ಯಾಯವಾದ ಮಾತಿನ ಹಿಂದೆ ನಾವು ಅವಿತುಕೊಳ್ಳಬಾರದು. ಒಟ್ಟು ಲೆಕ್ಕದಲ್ಲಿ ಭಾರತ ಇಂದು ವರ್ಷಕ್ಕೆ ಅತಿಹೆಚ್ಚು ಇಂಗಾಲ ಉರಿಸುವ ದೇಶಗಳಲ್ಲಿ ಮೂರನೆಯದು. ಮತ್ತು ಭಾರತದೊಳಗೂ “ಮೇಮು”, “ಮನಮು” ಉಂಟು. ಎರಡು ಕಾರು, ಮೂರು ಹವಾನಿಯಂತ್ರಕಗಳಿರುವ ಮನೆಯೂ, ಮಂಡಕ್ಕಿ ಭಟ್ಟಿಯ ಉರಿಯ ಮುಂದೆ ಬೆಳಗಾಗುವ ಮೊದಲೇ ನಿಲ್ಲುವ ಕೂಲಿಯ ಮನೆಯೂ ಒಂದೇ ದಾವಣಗೆರೆಯಲ್ಲಿವೆ. ಸರಾಸರಿ 2 ಟನ್ ಎಂಬುದು ಇಬ್ಬರಿಗೂ ಸಮನಾಗಿ ಅನ್ವಯಿಸುವ ಮಾತಲ್ಲ. ಕಾಯಿಸಿದವರು ತಂಪಾದ ಕೋಣೆಯಲ್ಲಿದ್ದಾರೆ; ಕಾಯುತ್ತಿರುವವರು ಬಿಸಿಲಿನಲ್ಲಿದ್ದಾರೆ.

ನಮ್ಮ ಸೀಮೆಯ ಗದ್ದೆಯ ಲೆಕ್ಕವನ್ನೂ ಮುಚ್ಚಿಡಲಾಗದು. ಲಕ್ಕವಳ್ಳಿಯ ಭದ್ರಾ ಅಣೆಕಟ್ಟು 1965ರಲ್ಲಿ ಪೂರ್ಣಗೊಂಡ ಮೇಲೆ ದಾವಣಗೆರೆ ಹರಿಹರಗಳ ಜೋಳದ ನೆಲ ಬತ್ತದ ಗದ್ದೆಯಾಯಿತು. ಹಸಿದ ನಾಡಿಗೆ ಅನ್ನ ಕೊಟ್ಟ ನೀರು ಅದು. ಅದನ್ನು ಹಳಿಯುವವನು ಕೃತಘ್ನ. ಆದರೆ ಸದಾ ನೀರು ನಿಂತ ಗದ್ದೆಯ ಕೆಸರಿನಲ್ಲಿ ಗಾಳಿಯಾಡದೆ ಕೊಳೆಯುವ ಸಸ್ಯಾಂಶದಿಂದ ಮೀಥೇನ್ ಏಳುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ ಅದು ತೂಕಕ್ಕೆ ತೂಕ ಇಂಗಾಲಾಮ್ಲದ ಸುಮಾರು 28 ಪಟ್ಟು ಶಾಖವನ್ನು ಹಿಡಿಯುತ್ತದೆ. ಗದ್ದೆಯನ್ನು ಆಗಾಗ ಆರಿಸಿ ಮತ್ತೆ ನೀರು ಕಟ್ಟಿದರೆ ಮೀಥೇನೂ ಇಳಿಯುತ್ತದೆ, ನೀರೂ ಉಳಿಯುತ್ತದೆಯೆಂದು ಕೃಷಿ ವಿಜ್ಞಾನಿಗಳು ಹೇಳುತ್ತಾರೆ. ಇದು ಸಾಧ್ಯವಾಗಬೇಕಾದರೆ ಬೇಕೆಂದಾಗ ನೀರು ಬಂದೀತೆಂಬ ಭರವಸೆ ಬೇಕು. ನಾಲೆಯ ಕೊನೆಯಲ್ಲಿರುವ ರೈತ, ಇಂದು ಬಿಟ್ಟರೆ ನಾಳೆ ಬಾರದೆಂಬ ಭಯದಲ್ಲಿ, ಬಂದಷ್ಟನ್ನೂ ನಿಲ್ಲಿಸಿಕೊಳ್ಳುತ್ತಾನೆ. ಅವನಿಗೆ ಉಪದೇಶ ಮಾಡುವ ಮೊದಲು ನಾಲೆಯನ್ನು ನೆಟ್ಟಗೆ ಮಾಡಬೇಕು.

ಇನ್ನೊಂದು ಉದಾಹರಣೆಯೂ ಈ ಹೊಳೆದಂಡೆಯದೇ. 1984ರಲ್ಲಿ ರಾಜ್ಯ ಸರ್ಕಾರವೂ ಹರಿಹರ ಪಾಲಿಫೈಬರ್ಸ್ ಸಂಸ್ಥೆಯೂ ಕೂಡಿ ಕರ್ನಾಟಕ ಪಲ್ಪ್‌ವುಡ್ ಎಂಬ ಜಂಟಿ ಕಂಪನಿಯನ್ನು ಕಟ್ಟಿದುವು. ಸುಮಾರು 30,000 ಹೆಕ್ಟೇರ್ ಸಾರ್ವಜನಿಕ ಭೂಮಿಯಲ್ಲಿ ನೀಲಗಿರಿಯಂಥ ಮರಗಳನ್ನು ಬೆಳೆದು ಕಾರ್ಖಾನೆಗೆ ಒದಗಿಸುವ ಯೋಜನೆ ಅದು. ಕಾಗದದ ಮೇಲೆ ನೋಡಿದರೆ ಮರ ನೆಡುವ ಕೆಲಸ, ಯಾರು ಬೇಡವೆಂದಾರು? ಆದರೆ ದನ ಮೇಯುವ, ಸೌದೆ ಸಿಗುವ, ಹಣ್ಣುಹಂಪಲು ದೊರೆಯುವ ನೆಲ ಹಳ್ಳಿಯವರ ಕೈತಪ್ಪುವುದನ್ನು ಕಂಡು ಸಮಾಜ ಪರಿವರ್ತನ ಸಮುದಾಯದವರೂ ರೈತರೂ 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ “ಕಿತ್ತಿಕೋ-ಹಚ್ಚಿಕೋ” ಸತ್ಯಾಗ್ರಹ ಹೂಡಿದರು. ನೀಲಗಿರಿ ಸಸಿಗಳನ್ನು ಕಿತ್ತು ತಮಗೆ ಬೇಕಾದ ಗಿಡಗಳನ್ನು ಹಚ್ಚಿದರು. ಶಿವರಾಮ ಕಾರಂತರು ಅರ್ಜಿದಾರರಾಗಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. 1991ರಲ್ಲಿ ಆ ಕಂಪನಿ ಮುಚ್ಚಿತು. ಇಂದು ಭೂಮಿಯ ಬೇಗೆಗೆ ಮದ್ದೆಂದು ಕೋಟಿ ಮರಗಳ ಲೆಕ್ಕ ಕೊಡುವವರನ್ನು ಕಂಡಾಗ ಈ ಕಥೆ ನೆನಪಿಗೆ ಬರಬೇಕು. ಸಾಲಾಗಿ ನಿಂತ ಒಂದೇ ಜಾತಿಯ ಮರ ಕಾಡಲ್ಲ. ಕಾಡಿನ ಕೆಲಸವನ್ನೂ ಅದು ಮಾಡದು. ಮನುಷ್ಯನ ಪಾತ್ರವೆಂದರೆ ಕೆಡಿಸುವ ಪಾತ್ರವೊಂದೇ ಅಲ್ಲ, ತಡೆಯುವ ಪಾತ್ರವೂ ಅವನದೇ ಎಂಬುದನ್ನೂ ಈ ಕಥೆ ಹೇಳುತ್ತದೆ.

ಸಾಹಿತ್ಯದ ವಿದ್ಯಾರ್ಥಿಗೆ ಇದರಲ್ಲಿ ಏನು ಕೆಲಸ? ನಮ್ಮ ಹಳೆಯ ಕವಿಗಳು ಅಷ್ಟಾದಶ ವರ್ಣನೆಗಳಲ್ಲಿ ಋತುವರ್ಣನೆಗೆ ತಪ್ಪದೆ ಸ್ಥಾನ ಕೊಟ್ಟರು. ರಾಜ್ಯ ಉರುಳಿದರೂ ವಸಂತ ಬಂದೇ ಬರುತ್ತದೆ, ಕಾರಿನ ಮುಗಿಲು ಏರಿಯೇ ಏರುತ್ತದೆ ಎಂಬ ನಂಬಿಕೆಯ ಮೇಲೆ ಆ ವರ್ಣನೆಗಳು ನಿಂತಿವೆ. ಈಗ ಋತುವೇ ಹದ ತಪ್ಪಿದೆ. ಆ ಪದ್ಯಗಳನ್ನು ಓದುವುದನ್ನು ಬಿಡಬೇಕಾಗಿಲ್ಲ. ಇನ್ನೂ ಜಾಗರೂಕವಾಗಿ ಓದಬೇಕು. ಮುಂದಿನ ತಲೆಮಾರು ಅವುಗಳಲ್ಲಿ ಅಲಂಕಾರವನ್ನಷ್ಟೇ ಅಲ್ಲ, ಈ ನೆಲ ಹಿಂದೆ ಹೇಗಿತ್ತೆಂಬ ದಾಖಲೆಯನ್ನೂ ಹುಡುಕೀತು. ಜೊತೆಗೆ, ಕ್ರಿಯಾಪದಗಳನ್ನು ಸರಿಯಾಗಿ ಬಳಸುವ ಹೊಣೆಯೂ ನಮ್ಮದು. ಕೆರೆ ಒತ್ತುವರಿ “ಆಯಿತು” ಎನ್ನುವ ಕಡೆ ಯಾರು ಒತ್ತಿದರೆಂದು ಬರೆಯುವುದು, ಮರ “ಹೋಯಿತು” ಎನ್ನುವ ಕಡೆ ಯಾರು ಕಡಿದರೆಂದು ಕೇಳುವುದು ವ್ಯಾಕರಣವೂ ಹೌದು, ಪೌರಧರ್ಮವೂ ಹೌದು.

2015ರ ಪ್ಯಾರಿಸ್ ಒಪ್ಪಂದದಲ್ಲಿ ರಾಷ್ಟ್ರಗಳು ಬಿಸಿಯನ್ನು ಎರಡು ಡಿಗ್ರಿಗಿಂತ ಸಾಕಷ್ಟು ಕೆಳಗೆ, ಸಾಧ್ಯವಾದರೆ ಒಂದೂವರೆಗೆ ನಿಲ್ಲಿಸುವುದಾಗಿ ಮಾತು ಕೊಟ್ಟುವು. 2070ರ ಹೊತ್ತಿಗೆ ಇಂಗಾಲದ ಲೆಕ್ಕವನ್ನು ಸೊನ್ನೆಗೆ ತರುವುದಾಗಿ ಭಾರತ 2021ರಲ್ಲಿ ಹೇಳಿತು. ಪಾವಗಡದ ಬರಡು ನೆಲದಲ್ಲಿ ಎರಡು ಸಾವಿರ ಮೆಗಾವಾಟ್ ವಿದ್ಯುತ್ತನ್ನು ಬಿಸಿಲಿನಿಂದಲೇ ತೆಗೆಯುತ್ತಿದ್ದಾರೆ. ಇವು ಸಾಕೆ? ಸಾಲವು. ವ್ಯರ್ಥವೆ? ಅಲ್ಲ. ಒಂದೂವರೆ ತಪ್ಪಿದರೆ ಎಲ್ಲ ಮುಗಿಯಿತೆಂದು ಕೈಚೆಲ್ಲುವುದೂ, ಏನೂ ಆಗದೆಂದು ಮಲಗುವುದೂ ಒಂದೇ ಸೋಮಾರಿತನದ ಎರಡು ರೂಪಗಳು. ಡಿಗ್ರಿಯ ಹತ್ತನೆಯ ಒಂದು ಭಾಗವನ್ನು ಉಳಿಸಿದರೂ ಎಲ್ಲಿಯೋ ಒಂದು ಬಿತ್ತನೆ ಉಳಿಯುತ್ತದೆ.

ಕನ್ನಡದಲ್ಲಿ ಸಂಭಾವನಾರ್ಥಕವೆಂಬ ಒಂದು ಕ್ರಿಯಾರೂಪವುಂಟು. ಅದು ಬರುತ್ತದೆಯೆಂದು ಆಣೆ ಇಡುವುದಿಲ್ಲ, ಬಾರದೆಂದು ಬಾಗಿಲು ಮುಚ್ಚುವುದೂ ಇಲ್ಲ; ಬಂದೀತು ಎನ್ನುತ್ತದೆ. ಭರಣಿಯ ಗಾದೆಯನ್ನು ಕಟ್ಟಿದ ರೈತ ಈ ರೂಪವನ್ನೇ ಆರಿಸಿಕೊಂಡ. ಧರಣಿ ಬದುಕುತ್ತದೆ ಎನ್ನಲಿಲ್ಲ, ಬದುಕೀತು ಎಂದ. ಅದಕ್ಕೆ ಮುಂಚೆ ಒಂದು “ರೆ” ಪ್ರತ್ಯಯವನ್ನೂ ಇಟ್ಟ. ಇಂದಿನ ವಿಜ್ಞಾನ ಆಡುವುದೂ ಇದೇ ಮಾತಿನ ರೀತಿಯಲ್ಲಿ. ಆ “ರೆ” ಅಂದು ಮುಗಿಲಿಗೆ ಸೇರಿತ್ತು. ಇಂದು ಅದು ನಮಗೆ ಸೇರಿದೆ.